ರಾಣೀವಾಸದ ಗೋಡೆಯ ಮೇಲೆ ಪರಂಗಿಗಳು

ರಾಯಚೂರಿನ ಕೋಟೆಯ ಬಗ್ಗೆ ನಮ್ಮ ಕಡೆಯವರಿಗೆ ಎರಡು ಸಂಗತಿಗಳು ಚೆನ್ನಾಗಿ ಗೊತ್ತು. ಒಂದು, 1294ರಲ್ಲಿ ಈ ಕೋಟೆ ಎದ್ದುದನ್ನು ಹೇಳುವ ನಲವತ್ತು ಅಡಿಗೂ ಮೀರಿದ ಉದ್ದದ ಕಲ್ಲು. ಅದನ್ನು ಬಂಡಿಯ ಮೇಲೆ ಹೇರಿ ತಂದ ಬಗೆಯ ಚಿತ್ರವೂ ಕೋಟೆಯ ಗೋಡೆಯ ಮೇಲೆಯೇ ಇದೆ. ಇನ್ನೊಂದು, 1520ರಲ್ಲಿ ಕೃಷ್ಣದೇವರಾಯ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿ ಈ ಕೋಟೆಯನ್ನು ಹಿಡಿದದ್ದು. ಆ ಮುತ್ತಿಗೆಯಲ್ಲಿ ಇಪ್ಪತ್ತು ಮಂದಿ ಪೋರ್ಚುಗೀಸರು ಕೋವಿ ಹಿಡಿದು ರಾಯನ ಪರವಾಗಿ ನಿಂತಿದ್ದರೆಂಬುದನ್ನೂ ಶಾಲೆಯ ಪುಸ್ತಕ ಓದಿದವರು ಬಲ್ಲರು. ಆದರೆ ಆ ಪರಂಗಿಗಳ ಹೆಣ್ಣುಮಕ್ಕಳು ಎಲ್ಲಿದ್ದರು? ರಾಯನ ಆಸ್ಥಾನಕ್ಕೆ ಅವರ ಕುಲೀನ ಹೆಂಗಸೊಬ್ಬಳಾದರೂ ಬಂದಿದ್ದಳೇ? ಈ ಪ್ರಶ್ನೆಯನ್ನು ಯಾರೂ ಹೆಚ್ಚಾಗಿ ಕೇಳುವುದಿಲ್ಲ. ಕೇಳಿದರೆ ದೊರೆಯುವ ಉತ್ತರ ನೇರವಾದದ್ದಲ್ಲ. ಆದರೆ ಅದನ್ನು ಹುಡುಕುತ್ತ ಹೋದರೆ ಎಡೆದೊರೆ ನಾಡಿನ ಇತಿಹಾಸದ ಒಂದು ಮುಚ್ಚಿದ ಬಾಗಿಲು ತೆರೆಯುತ್ತದೆ.

ಮೊದಲು ಒಂದು ಮದುವೆಯ ಮಾತು. 1505ರಲ್ಲಿ ಫ್ರಾನ್ಸಿಸ್ಕೊ ದ ಅಲ್ಮೇಡ ಪೋರ್ಚುಗಲ್ಲಿನ ಮೊದಲ ವೈಸರಾಯ್ ಆಗಿ ನಮ್ಮ ಪಡುವಣ ಕರಾವಳಿಗೆ ಬಂದ. ಅವನು ಕಣ್ಣೂರಿನಲ್ಲಿದ್ದಾಗ ವಿಜಯನಗರದ ರಾಯಭಾರಿ ಅಲ್ಲಿಗೆ ಹೋಗಿ ಕಂಡನೆಂದು ಪೋರ್ಚುಗೀಸ್ ಚರಿತ್ರಕಾರರು ಬರೆದಿದ್ದಾರೆ. ರಾಯಭಾರಿ ತಂದ ಮಾತುಗಳಲ್ಲಿ ಸ್ನೇಹವಿತ್ತು. ಭಟ್ಕಳವೊಂದನ್ನು ಬಿಟ್ಟು ಉಳಿದ ಬಂದರುಗಳಲ್ಲಿ ಕೋಟೆ ಕಟ್ಟಿಕೊಳ್ಳುವ ಅನುಮತಿಯಿತ್ತು. ಜೊತೆಗೆ, ವಿಜಯನಗರದ ರಾಜಮನೆತನದ ಒಬ್ಬ ಕನ್ಯೆಯನ್ನು ಪೋರ್ಚುಗಲ್ಲಿನ ರಾಜಕುಮಾರನಿಗೆ ಕೊಟ್ಟು ಸಂಬಂಧ ಬೆಳೆಸುವ ಸೂಚನೆಯೂ ಇತ್ತು. ಆಗ ಲಿಸ್ಬನ್ನಿನಲ್ಲಿ ಆಳುತ್ತಿದ್ದವನು ದೊರೆ ಮಾನುಯೆಲ್. ಅವನ ಹಿರಿಯ ಮಗ ಜೊವಾಂವ್ ಹುಟ್ಟಿದ್ದು 1502ರಲ್ಲಿ. ಅಂದರೆ ವರನಿಗೆ ಆಗ ಮೂರು ವರ್ಷ!

ಇದನ್ನು ಓದಿ ನಗುವ ಅಗತ್ಯವಿಲ್ಲ. ಅಂದಿನ ಅರಮನೆಗಳಲ್ಲಿ ಮದುವೆ ಎಂದರೆ ಒಪ್ಪಂದದ ಕೊನೆಯ ಕಲಮು. ಎರಡೂ ಕಡೆಯವರಿಗೆ ಇದು ಹೊಸದಲ್ಲ. ಅದೇ ಮಾನುಯೆಲ್ ತನ್ನ ಮಗಳು ಬಿಯಾಟ್ರಿಸಳನ್ನು 1521ರಲ್ಲಿ ಸವಾಯ್‌ನ ಡ್ಯೂಕನಿಗೆ ಕೊಟ್ಟ. ಇನ್ನೊಬ್ಬ ಮಗಳು ಇಸಾಬೆಲ್ 1526ರಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸನ ರಾಣಿಯಾದಳು. ನಮ್ಮ ಕೃಷ್ಣದೇವರಾಯನೂ ಒರಿಸ್ಸಾದ ಗಜಪತಿಯೊಡನೆ ಸಂಧಿಯಾದಾಗ ಅವನ ಮಗಳ ಕೈ ಹಿಡಿದ. ಲಿಸ್ಬನ್ನಿನ ಅರಮನೆಯೂ ಹಂಪಿಯ ಅರಮನೆಯೂ ಹೆಣ್ಣುಮಕ್ಕಳನ್ನು ತೂಗಿದ್ದು ಒಂದೇ ತಕ್ಕಡಿಯಲ್ಲಿ.

ಆ ಮದುವೆ ನಡೆಯಲಿಲ್ಲ. ಧರ್ಮದ ಗೋಡೆಯೊಂದು ಇದ್ದೇ ಇತ್ತು. ಕನ್ಯೆ ಮತಾಂತರ ಹೊಂದದೆ ಲಿಸ್ಬನ್ನಿನ ಅರಮನೆಯಲ್ಲಿ ರಾಣಿಯಾಗಿ ಕೂರುವುದು ಸಾಧ್ಯವಿರಲಿಲ್ಲ. ಪೋರ್ಚುಗೀಸರಿಗೆ ಬೇಕಾಗಿದ್ದುದೂ ಸಂಬಂಧವಲ್ಲ, ಕುದುರೆ ವ್ಯಾಪಾರದ ಹಿಡಿತ ಮತ್ತು ಬಂದರುಗಳು. 1510ರಲ್ಲಿ ಅಫೊನ್ಸೊ ದ ಅಲ್ಬುಕರ್ಕ್ ಗೋವೆಯನ್ನು ಆದಿಲ್ ಶಾಹಿಗಳಿಂದ ಕಸಿದುಕೊಂಡ ವರ್ಷವೇ ಲೂಯಿಸ್ ಎಂಬ ಪಾದ್ರಿಯನ್ನು ವಿಜಯನಗರಕ್ಕೆ ರಾಯಭಾರಿಯಾಗಿ ಕಳಿಸಿದ್ದ. ಅವನ ಕೈಲಿ ಕೊಟ್ಟ ಸಂದೇಶದಲ್ಲಿ ಮುಖ್ಯವಾಗಿದ್ದುದು ಅರಬ್ಬೀ ಕುದುರೆಗಳ ಆಮಿಷ. ಪಾಪ, ಆ ಪಾದ್ರಿ ವಿಜಯನಗರದಲ್ಲಿಯೇ ಕೊಲೆಯಾದ. ಮೂರು ವರ್ಷದ ವರ ಬೆಳೆದು ದೊರೆಯಾಗಿ 1525ರಲ್ಲಿ ಆಸ್ಟ್ರಿಯಾದ ಕ್ಯಾಥರೀನಳನ್ನು ಮದುವೆಯಾದ. ಕಣ್ಣೂರಿನಲ್ಲಿ ಯಾವ ಹುಡುಗಿಯ ಮಾತು ಬಂದಿತ್ತೋ ಅವಳ ಹೆಸರನ್ನು ಯಾರೂ ಬರೆದಿಡಲಿಲ್ಲ.

ಇನ್ನು ಪರಂಗಿ ಹೆಂಗಸರ ಮಾತು. ಲಿಸ್ಬನ್ನಿನಿಂದ ಗೋವೆಗೆ ಹಡಗಿನಲ್ಲಿ ಆರು ತಿಂಗಳ ದಾರಿ. ರೋಗ, ಬಿರುಗಾಳಿ, ಹಸಿವು ಇವೆಲ್ಲ ಜೊತೆಗೆ. ಹೊರಟವರಲ್ಲಿ ಬಹುಪಾಲು ಸಿಪಾಯಿಗಳು, ನಾವಿಕರು, ವ್ಯಾಪಾರಿಗಳು. ಹೆಂಗಸರು ಬಂದದ್ದು ತೀರ ಅಪರೂಪ. ಇದನ್ನರಿತೇ ಅಲ್ಬುಕರ್ಕ್ ಗೋವೆ ಗೆದ್ದೊಡನೆ ತನ್ನವರಿಗೆ ಸ್ಥಳೀಯ ಹೆಣ್ಣುಗಳನ್ನು ಮದುವೆ ಮಾಡಿಸಿ, ಮನೆ ಹೊಲ ಕೊಟ್ಟು ನೆಲೆಗೊಳಿಸಲು ಹೊರಟ. ಆದ್ದರಿಂದ ಕೃಷ್ಣದೇವರಾಯನ ಕಾಲದಲ್ಲಿ ಗೋವೆಯಿಂದ ಘಟ್ಟ ಹತ್ತಿ ಬಂದ ಪೋರ್ಚುಗೀಸರು ಗಂಡಸರೇ. ವಿಜಯನಗರದ ಆಸ್ಥಾನದ ಬಗ್ಗೆ ನಮಗೆ ಉಳಿದಿರುವ ಅವರ ಬರಹಗಳೂ ಗಂಡಸರವೇ. ಮೊದಲೇ ಬಂದು ಹೋದ ಬಾರ್ಬೋಸಾ, 1520ರ ಸುಮಾರಿಗೆ ಬಂದ ಡೊಮಿಂಗೊ ಪಾಯಸ್, 1535ರ ಹೊತ್ತಿಗೆ ಮೂರು ವರ್ಷ ವಿಜಯನಗರದಲ್ಲಿದ್ದ ಕುದುರೆ ವ್ಯಾಪಾರಿ ಫರ್ನಾವೊ ನ್ಯೂನಿಜ್. ಪಾಯಸ್ ಮತ್ತು ನ್ಯೂನಿಜರ ಹಸ್ತಪ್ರತಿಗಳು ಪ್ಯಾರಿಸ್ಸಿನ ಗ್ರಂಥಾಲಯದಲ್ಲಿ ಮಲಗಿದ್ದವು. 1897ರಲ್ಲಿ ಡೇವಿಡ್ ಲೋಪೆಸ್ ಅವುಗಳನ್ನು ಲಿಸ್ಬನ್ನಿನಲ್ಲಿ ಅಚ್ಚು ಹಾಕಿಸಿದ. 1900ರಲ್ಲಿ ರಾಬರ್ಟ್ ಸೀವೆಲ್ ತನ್ನ ‘ಎ ಫರ್ಗಾಟನ್ ಎಂಪೈರ್’ ಗ್ರಂಥದಲ್ಲಿ ಇಂಗ್ಲಿಷಿಗೆ ತಂದ. ನಮ್ಮ ಊರಿನ ಯುದ್ಧದ ವಿವರ ನಮಗೆ ತಿರುಗಿ ಬಂದದ್ದು ಹೀಗೆ ಮೂರು ದೇಶ ಸುತ್ತಿ.

ರಾಯಚೂರಿನ ಯುದ್ಧಕ್ಕೆ ನೆಪವಾದದ್ದೂ ಕುದುರೆಯೇ. ಸೀದಿ ಮರ್ಕಾರ್ ಎಂಬವನ ಕೈಗೆ ರಾಯ ನಲವತ್ತು ಸಾವಿರ ಪರದಾವ್ ನಾಣ್ಯ ಕೊಟ್ಟು ಗೋವೆಯಲ್ಲಿ ಕುದುರೆ ಕೊಂಡು ತರಲು ಕಳಿಸಿದ. ಅವನು ಹಣದೊಂದಿಗೆ ಆದಿಲ್ ಶಾಹನ ಆಶ್ರಯಕ್ಕೆ ಓಡಿದ. ರಾಯ ಅವನನ್ನು ಒಪ್ಪಿಸೆಂದು ಕೇಳಿದ, ಅವರು ಒಪ್ಪಿಸಲಿಲ್ಲ. ಆದರೆ ಇದು ನೆಪ ಮಾತ್ರ. ಕೃಷ್ಣೆ ತುಂಗಭದ್ರೆಗಳ ನಡುವಿನ ಈ ಎರೆಭೂಮಿಗಾಗಿ ಬಹಮನಿಗಳೂ ವಿಜಯನಗರದವರೂ ಆಗಲೇ ನೂರೈವತ್ತು ವರ್ಷಗಳಿಂದ ಹೊಡೆದಾಡುತ್ತಿದ್ದರು. ರಾಯನ ದಂಡು ರಾಯಚೂರಿಗೆ ಹತ್ತಿರದ ಮಲಿಯಾಬಾದಿನಲ್ಲಿ ಬೀಡುಬಿಟ್ಟಿತು. ಏಳು ಲಕ್ಷ ಕಾಲಾಳು, ಮೂವತ್ತೆರಡು ಸಾವಿರ ಕುದುರೆ, 551 ಆನೆ ಎಂದು ನ್ಯೂನಿಜ್ ಎಣಿಸುತ್ತಾನೆ. ಆನೆಗಳ ಲೆಕ್ಕವನ್ನು ನಂಬಬಹುದು. ಕಾಲಾಳುಗಳದನ್ನು ಎಷ್ಟರಿಂದ ಭಾಗಿಸಬೇಕೆಂಬುದನ್ನು ಓದುಗರಿಗೇ ಬಿಡುತ್ತೇನೆ. ಕೃಷ್ಣೆ ದಾಟಿ ಬಂದ ಇಸ್ಮಾಯಿಲನೊಡನೆ ಬಯಲಲ್ಲಿ ಕಾದಾಟ ನಡೆದದ್ದು 1520ರ ಮೇ 19ರಂದು ಎಂದು ಸೀವೆಲ್ ಲೆಕ್ಕ ಹಾಕಿದ್ದಾನೆ. ಮೊದಲ ಹೊಡೆತದಲ್ಲಿ ಬಿಜಾಪುರದ ಫಿರಂಗಿಗಳು ರಾಯನ ಸೈನ್ಯವನ್ನು ಚದುರಿಸಿದರೂ ಕೊನೆಗೆ ಓಡಿದವನು ಇಸ್ಮಾಯಿಲ್. ಅವನ ಪಡೆಯ ಎಷ್ಟೋ ಮಂದಿ ಕೃಷ್ಣೆಯ ಪಾಲಾದರು.

ಕೋಟೆ ಮಾತ್ರ ಇನ್ನೂ ಬಗ್ಗಿರಲಿಲ್ಲ. ಆಗ ಬಂದವನು ಕ್ರಿಸ್ತೋವಾಂವ್ ದ ಫಿಗರೆದೊ. ಕುದುರೆ ಮಾರಲು ಬಂದವನು, ಜೊತೆಗೆ ಇಪ್ಪತ್ತು ಕೋವಿಕಾರರು. ಕೋಟೆಯ ಮೇಲಿಂದ ಕಲ್ಲು ಉರುಳಿಸುತ್ತಿದ್ದವರನ್ನು ಇವರು ಗುರಿಯಿಟ್ಟು ಹೊಡೆದರು. ಅಲ್ಲಿಯವರೆಗೆ ಗೋಡೆಯ ಬುಡಕ್ಕೆ ಬರಲಾರದೆ ಸಾಯುತ್ತಿದ್ದ ರಾಯನ ಆಳುಗಳು ಹಾರೆ ಗುದ್ದಲಿ ಹಿಡಿದು ಕಲ್ಲು ಕೀಳಲು ಆಸ್ಪದವಾಯಿತು. ಕೋಟೆಯ ಅಧಿಕಾರಿ ಬಗ್ಗಿ ನೋಡಿದಾಗ ಹಣೆಗೆ ಗುಂಡು ಬಿದ್ದು ಸತ್ತ. ಮರುದಿನ ಊರು ಶರಣಾಯಿತು. ಬಿಜಾಪುರದವರು ಇತ್ತ ಸಿಕ್ಕಿಬಿದ್ದಿದ್ದನ್ನು ನೋಡಿ ಗೋವೆಯ ಅಧಿಕಾರಿ ರೂಯಿ ದ ಮೆಲೊ ಅತ್ತ ಸುತ್ತಲಿನ ಸೀಮೆಗಳನ್ನು ನುಂಗಿದ. ಪರಂಗಿಯವರ ಸ್ನೇಹ ಯಾವಾಗಲೂ ಹೀಗೆ ಎರಡು ಬಾಯಿಯದು.

ಈ ಫಿಗರೆದೊನನ್ನು ರಾಯ ವಿಜಯನಗರದಲ್ಲಿ ಬಹಳ ಆದರದಿಂದ ಕಂಡ. ಅವನು ತಂದಿದ್ದ ಉಡುಗೊರೆಗಳಲ್ಲಿ ಆರ್ಗನ್ ವಾದ್ಯವೂ ಇತ್ತು, ಅದು ರಾಯನಿಗೆ ತುಂಬ ಹಿಡಿಸಿತು. ಫಿಗರೆದೊನಿಗೆ ಜರಿಯ ನಿಲುವಂಗಿ, ಕುಲಾವಿ ದೊರೆತವು. ಸಂಗಡಿಗರಿಗೂ ವಸ್ತ್ರಗಳು ಸಿಕ್ಕವು. ರಾಯ ಊರಲ್ಲಿಲ್ಲದ ಒಂದು ದಿನ ಅವರಿಗೆ ಅರಮನೆಯ ಒಳಭಾಗವನ್ನು ತೋರಿಸಲಾಯಿತು. ಪಾಯಸ್ ಅದನ್ನು ಬರೆದಿಟ್ಟಿದ್ದಾನೆ. ಅವನ ಕಣ್ಣಿಗೆ ಬಿದ್ದ ಒಂದು ವಸ್ತು ನನಗೆ ಅವನ ಇಡೀ ಬರಹದಲ್ಲೇ ಬಹು ಮುಖ್ಯವೆನಿಸುತ್ತದೆ.

ಅರಮನೆಯ ಒಂದು ಗೋಡೆಯ ಮೇಲೆ ಚಿತ್ರಗಳಿದ್ದವು. ವಿಜಯನಗರಕ್ಕೆ ಬಂದುಹೋದ ನಾನಾ ದೇಶದ ಜನ, ಅವರ ಉಡಿಗೆ ತೊಡಿಗೆ, ನಡೆ, ಜೀವನದ ರೀತಿ, ಕುರುಡರು ಭಿಕ್ಷುಕರವರೆಗೂ ಎಲ್ಲವನ್ನೂ ಬರೆಸಲಾಗಿತ್ತು. ಪೋರ್ಚುಗೀಸರೂ ಅದರಲ್ಲಿದ್ದರು. ಏತಕ್ಕೆಂದರೆ, ರಾಯನ ಹೆಂಡತಿಯರು ಹೊರಗಿನ ಜನ ತಮ್ಮ ತಮ್ಮ ನಾಡಿನಲ್ಲಿ ಹೇಗೆ ಬದುಕುತ್ತಾರೆಂದು ತಿಳಿಯಲಿ ಎಂದು!

ಸ್ವಲ್ಪ ಯೋಚಿಸಿ ನೋಡಿ. ಆ ರಾಣಿಯರಿಗೆ ಫಿಗರೆದೊ ಕಾಣಿಸುವಂತಿಲ್ಲ, ಫಿಗರೆದೊನಿಗೆ ರಾಣಿಯರೂ ಕಾಣಿಸುವಂತಿಲ್ಲ. ಅವರವರ ಮನೆಯಲ್ಲಿ ದಾದಿಯರು, ಕಾವಲು, ಸೇವೆ ಎಲ್ಲವೂ ಹೆಂಗಸರದೇ. ಖೋಜಾಗಳನ್ನು ಬಿಟ್ಟರೆ ಗಂಡುಕುಲದ ಪ್ರವೇಶವಿಲ್ಲ. ರಾಯನ ಕೃಪೆಗೆ ಪಾತ್ರರಾದ ಮುಪ್ಪಿನ ದೊಡ್ಡ ಮನುಷ್ಯರಿಗೆ ಮಾತ್ರ ಎಂದಾದರೊಮ್ಮೆ ದರ್ಶನ. ಹೊರಗೆ ಹೊರಟರೆ ನಾಲ್ಕು ಕಡೆ ಮುಚ್ಚಿದ ಪಲ್ಲಕ್ಕಿ, ಸುತ್ತ ಮುನ್ನೂರು ನಾನೂರು ಖೋಜಾಗಳು. ಜಗತ್ತು ಅವರ ಬಳಿಗೆ ಬರಬೇಕಾದರೆ ಬಣ್ಣವಾಗಿ ಗೋಡೆಯ ಮೇಲೆ ಬರಬೇಕು. ಮುತ್ತಿಗೆಯ ಸುದ್ದಿ ರಾಯಚೂರಿನಿಂದ ಹೋದಾಗ, ಕೋವಿ ಹಿಡಿದವರು ಯಾರಿದ್ದೀತೆಂದು ಅವರು ಆ ಗೋಡೆಯ ಕಡೆಗೇ ನೋಡಿರಬೇಕು. ಆ ಚಿತ್ರಗಳಲ್ಲಿ ಪರಂಗಿ ಹೆಂಗಸೊಬ್ಬಳಿದ್ದಳೇ ಎಂಬುದನ್ನು ಪಾಯಸ್ ಬರೆದಿಲ್ಲ. ಚಿತ್ರ ಬರೆದವನಿಗೆ ಅವಳನ್ನು ನೋಡುವ ಅವಕಾಶವಂತೂ ಸಿಕ್ಕುವುದು ಕಷ್ಟವಿತ್ತು.

ಮುಖ್ಯ ರಾಣಿಯರು ಮೂವರೆಂದು ಪಾಯಸ್ ಹೇಳುತ್ತಾನೆ. ಒಬ್ಬಳು ಒರಿಸ್ಸಾದ ರಾಜಕುಮಾರಿ, ಇನ್ನೊಬ್ಬಳು ಶ್ರೀರಂಗಪಟ್ಟಣದ ಸಾಮಂತನ ಮಗಳು. ಮೂರನೆಯವಳು ರಾಯ ಪಟ್ಟಕ್ಕೆ ಬರುವ ಮೊದಲೇ ಪ್ರೀತಿಸಿದ್ದ ಒಬ್ಬ ವೇಶ್ಯೆ. ದೊರೆಯಾದರೆ ತನ್ನನ್ನು ಮದುವೆಯಾಗಬೇಕೆಂದು ಅವಳು ಮಾತು ತೆಗೆದುಕೊಂಡಿದ್ದಳಂತೆ, ಅವನು ನಡೆಸಿಕೊಟ್ಟನಂತೆ. ನಮ್ಮ ಶಾಸನಗಳಲ್ಲಿ ಕಾಣುವ ತಿರುಮಲದೇವಿ, ಚಿನ್ನಾದೇವಿಯರಿಗೆ ಈ ಮಾತುಗಳನ್ನು ಹೊಂದಿಸಲು ವಿದ್ವಾಂಸರು ಬಹಳ ಶಾಯಿ ಖರ್ಚು ಮಾಡಿದ್ದಾರೆ. ಪೇಟೆಯಲ್ಲಿ ಕೇಳಿದ್ದನ್ನೂ ಕಣ್ಣಾರೆ ಕಂಡದ್ದನ್ನೂ ಪಾಯಸ್ ಒಂದೇ ಧಾಟಿಯಲ್ಲಿ ಬರೆಯುತ್ತಾನೆಂಬುದನ್ನು ಮರೆಯಬಾರದು. ಒಂದೊಂದು ರಾಣಿಗೂ ಅರುವತ್ತು ಮಂದಿ ಸಖಿಯರು. ಮಹಾನವಮಿಯ ದಿನ ಅವರು ಸಾಲುಗಟ್ಟಿ ಬಂದುದನ್ನು ಅವನು ಕಂಡ. ತಲೆಯ ಮೇಲೆ ಮುತ್ತಿನ ಹೂಗಳ ಕುಲಾವಿ, ಕೊರಳಲ್ಲಿ ಕಂಠಿ, ತೋಳಿನ ತುಂಬ ಬಂದಿ, ಸೊಂಟಕ್ಕೆ ಪಟ್ಟಿ. ಬಂಗಾರದ ಭಾರಕ್ಕೆ ಕೈ ಎತ್ತಲಾರದೆ ಕೆಲವರನ್ನು ಬೇರೆ ಹೆಂಗಸರು ತೋಳು ಹಿಡಿದು ನಡೆಸಬೇಕಾಗಿತ್ತಂತೆ.

ಇಷ್ಟಕ್ಕೇ ನಿಂತರೆ ರಾಣೀವಾಸವೆಂದರೆ ಬಂಗಾರದ ಪಂಜರವೆಂಬ ಹಳೆಯ ಮಾತಿಗೇ ಬಂದಂತಾಗುತ್ತದೆ. ನ್ಯೂನಿಜ್ ಬೇರೆಯದೇ ಒಂದು ಸಂಗತಿಯನ್ನು ಹೇಳುತ್ತಾನೆ. ಅವನು ವ್ಯಾಪಾರಿ, ಲೆಕ್ಕದ ಮನುಷ್ಯ. ಅರಮನೆಯಲ್ಲಿ ನಾಲ್ಕು ಸಾವಿರಕ್ಕೂ ಮೀರಿ ಹೆಂಗಸರಿದ್ದರೆಂದು ಬರೆಯುತ್ತಾನೆ. (ಪಾಯಸನ ಪ್ರಕಾರ ಹನ್ನೆರಡು ಸಾವಿರ. ಇಬ್ಬರೂ ಎಣಿಸಿದವರಲ್ಲ.) ಇವರೆಲ್ಲ ಸುಮ್ಮನೆ ಕೂತವರಲ್ಲ. ಕುಸ್ತಿ ಹಿಡಿಯುವವರಿದ್ದರು. ಜ್ಯೋತಿಷ್ಯ, ಶಕುನ ಹೇಳುವವರಿದ್ದರು. ಅಂತಃಪುರದೊಳಗೆ ರಾಯನನ್ನೂ ರಾಣಿಯರನ್ನೂ ಹೊರುವ ಬೋಯಿಗಳೂ ಹೆಂಗಸರೇ. ಒಳಗಿನ ಖರ್ಚಿನ ಲೆಕ್ಕ ಬರೆಯುವ ಹೆಂಗಸರಿದ್ದರು. ಇನ್ನು ಕೆಲವರ ಕೆಲಸ ರಾಜ್ಯದ ವಿದ್ಯಮಾನಗಳನ್ನು ಬರೆದಿಟ್ಟು, ಹೊರಗಿನ ಬರಹಗಾರರ ಪುಸ್ತಕಗಳೊಂದಿಗೆ ತಾಳೆ ನೋಡುವುದು! ನ್ಯಾಯ ಹೇಳುವವರೂ, ರಾತ್ರಿ ಕಾವಲಿನವರೂ ಹೆಂಗಸರೇ. ರಾಣಿಯರಿಗೆ ಸಂಗೀತ ಚೆನ್ನಾಗಿ ಬರುತ್ತಿತ್ತು. ಪಾಯಸ್ ಕತ್ತಿ ಗುರಾಣಿ ಹಿಡಿಯುವ, ಕಹಳೆ ಊದುವ ಹೆಂಗಸರನ್ನೂ ಸೇರಿಸುತ್ತಾನೆ. ಅವರು ನಾಟ್ಯ ಕಲಿಯುವ ಶಾಲೆಯನ್ನೂ ನೋಡಿದ. ಪ್ರತಿ ನೃತ್ಯದ ಕೊನೆಯ ಭಂಗಿ ಮರೆತರೆ ನೆನಪಾಗಲೆಂದು ಗೋಡೆಯ ಮೇಲೆ ಚಿತ್ರಗಳಿದ್ದವು, ಮೈ ಹದಗೊಳಿಸಲು ಹಿಡಿದು ಜಗ್ಗುವ ಏರ್ಪಾಡಿತ್ತು.

ಹೊರಗಿನ ಕಡತಕ್ಕೆ ಸಮನಾದ ಒಂದು ಕಡತ ಒಳಗೂ ಇತ್ತೆಂಬುದು ಸಣ್ಣ ಮಾತಲ್ಲ. ರಾಯಚೂರಿನ ಮುತ್ತಿಗೆಗೆ ಎಷ್ಟು ಖರ್ಚಾಯಿತು, ಮುದಗಲ್ಲಿನಿಂದ ಏನು ಬಂತು, ಕುದುರೆಗೆ ಪರಂಗಿಗಳಿಗೆ ಎಷ್ಟು ಸಂದಿತು, ಇದೆಲ್ಲ ಆ ಹೆಂಗಸರ ಕೈಬರಹದಲ್ಲೂ ಇದ್ದಿರಬೇಕು. ಅದರ ಒಂದು ಹಾಳೆಯೂ ಉಳಿದಿಲ್ಲ. ಉಳಿದದ್ದು ಹೊರಗಿನಿಂದ ಇಣುಕಿದ ಇಬ್ಬರು ಪರದೇಶಿಗಳ ಟಿಪ್ಪಣಿ. ಆ ಒಳಮನೆಯ ಬೆಲೆ ಏನೆಂಬುದನ್ನೂ ನ್ಯೂನಿಜ್ ಮುಚ್ಚಿಡುವುದಿಲ್ಲ. ರಾಯ ಸತ್ತರೆ ನಾಲ್ಕೈದು ನೂರು ಹೆಂಗಸರು ಅವನೊಡನೆ ಬೆಂಕಿಗೆ ಬೀಳುತ್ತಿದ್ದರೆಂದು ಅವನು ಬರೆದಿದ್ದಾನೆ. ಸಂಖ್ಯೆ ಏನೇ ಇರಲಿ, ಬರೆಯಬಲ್ಲ ಎಣಿಸಬಲ್ಲ ಆ ಕೈಗಳಿಗೂ ತಮ್ಮ ಸಾವಿನ ದಿನದ ಮೇಲೆ ಅಧಿಕಾರವಿರಲಿಲ್ಲ.

ಈ ಅರಮನೆಗೆ ಬರಲಾರೆನೆಂದ ಹುಡುಗಿಯೊಬ್ಬಳು ನಮ್ಮ ಜಿಲ್ಲೆಯವಳೇ ಎಂಬುದು ಹೆಮ್ಮೆಯ ಮಾತು. ಕೃಷ್ಣದೇವರಾಯನಿಗೆ ನೂರು ವರ್ಷ ಹಿಂದಿನ ಕಥೆ ಇದು. ಫೆರಿಷ್ತಾ ಎಂಬ ಚರಿತ್ರಕಾರ ಬಿಜಾಪುರದಲ್ಲಿ ಕೂತು ಬರೆದಿಟ್ಟದ್ದು. ಮುದಗಲ್ಲಿನ ಅಕ್ಕಸಾಲಿಗನ ಮಗಳು ಪರ್ತಾಲ್. ರೂಪ, ಸಂಗೀತ ಎರಡರಲ್ಲೂ ಅವಳಿಗೆ ಸಾಟಿಯಿಲ್ಲವೆಂದು ಕೇಳಿ ಒಂದನೆಯ ದೇವರಾಯ ಆಭರಣ ಕಳಿಸಿ ರಾಣಿಯಾಗೆಂದು ಕರೆದ. ತಾಯಿತಂದೆ ಹಿಗ್ಗಿದರು. ಹುಡುಗಿ ಒಪ್ಪಲಿಲ್ಲ. ಆ ಅರಮನೆಯೊಳಗೆ ಹೋದ ಹೆಣ್ಣು ಮತ್ತೆ ಹೆತ್ತವರ ಮುಖ ನೋಡುವಂತಿಲ್ಲ, ಬಂಗಾರಕ್ಕಾಗಿ ತಾನು ಅವರನ್ನು ಬಿಡಲಾರೆ ಎಂಬುದು ಅವಳ ಕಾರಣ. 1406ರಲ್ಲಿ ದೇವರಾಯ ಅವಳನ್ನು ಹಿಡಿದು ತರಲು ಸೈನ್ಯವನ್ನೇ ಕಳಿಸಿದ. ಮನೆಯವರು ಆಗಲೇ ಓಡಿದ್ದರು. ಬರಿಗೈಲಿ ತಿರುಗಿದ ಸೈನ್ಯ ದಾರಿಯ ಹಳ್ಳಿಗಳನ್ನು ಸುಲಿಯಿತು. ಅದನ್ನೇ ಕಾರಣ ಮಾಡಿಕೊಂಡು ಗುಲ್ಬರ್ಗದ ಫಿರೋಜ್ ಶಾಹ ಬಹಮನಿ ದಂಡೆತ್ತಿ ಬಂದ. ಕೊನೆಗೆ ದೇವರಾಯ ತನ್ನ ಮಗಳನ್ನೇ ಫಿರೋಜನಿಗೆ ಕೊಟ್ಟು ಬಂಕಾಪುರವನ್ನು ವರದಕ್ಷಿಣೆಯಾಗಿ ಬಿಡಬೇಕಾಯಿತು. ಪರ್ತಾಲಳನ್ನು ಫಿರೋಜನ ಮಗ ಹಸನ್ ಖಾನನಿಗೆ ಮದುವೆ ಮಾಡಲಾಯಿತು. ಒಂದು ಅರಮನೆಯನ್ನು ಒಲ್ಲೆನೆಂದವಳು ಇನ್ನೊಂದು ಅರಮನೆ ಸೇರಿದಳು. ಆ ಎರಡನೆಯ ಸಲ ಅವಳನ್ನು ಯಾರಾದರೂ ಕೇಳಿದರೇ ಎಂಬುದನ್ನು ಫೆರಿಷ್ತಾ ಹೇಳಲು ಹೋಗಿಲ್ಲ.

ಅದೇ ಫಿರೋಜನ ಜನಾನಾದ ಬಗ್ಗೆ ಫೆರಿಷ್ತಾ ಕೊಡುವ ಪಟ್ಟಿಯೊಂದು ವಿಚಿತ್ರವಾಗಿದೆ. ಭೀಮಾ ತೀರದ ಫಿರೋಜಾಬಾದಿನ ಅರಮನೆಯಲ್ಲಿ ಅರಬ್ಬೀ, ತುರ್ಕಿ, ಜಾರ್ಜಿಯನ್, ರಷ್ಯನ್, ಚೀನೀ, ರಜಪೂತ, ಬಂಗಾಳಿ, ತೆಲುಗು, ಮರಾಠಿ ಹೆಂಗಸರೊಡನೆ ಫರಂಗಿ ಹೆಂಗಸರೂ ಇದ್ದರಂತೆ. ಫಿರೋಜ್ ಒಬ್ಬೊಬ್ಬಳೊಡನೆಯೂ ಅವಳ ಭಾಷೆಯಲ್ಲೇ ಮಾತಾಡುತ್ತಿದ್ದನಂತೆ. ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬರುವುದಕ್ಕೆ ಸುಮಾರು ನೂರು ವರ್ಷ ಮೊದಲು! ಫೆರಿಷ್ತಾ ಬರೆದದ್ದು ಎರಡು ಶತಮಾನಗಳ ಬಳಿಕ. ದೊರೆಯ ದೊಡ್ಡಸ್ತಿಕೆ ತೋರಿಸಲು ದೇಶಗಳ ಹೆಸರು ಪೇರಿಸಿದ್ದಾನೆಂದು ಹೇಳಬಹುದು. ಆದರೆ ಕಪ್ಪು ಸಮುದ್ರದ ಬಂದರುಗಳಿಂದ ಗುಲಾಮ ಹೆಣ್ಣುಗಳನ್ನು ಈಜಿಪ್ಟಿನವರೆಗೂ ಮಾರುತ್ತಿದ್ದ ಕಾಲವದು. ಅಲ್ಲಿಂದ ಒಬ್ಬಿಬ್ಬರು ಕಡಲು ದಾಟಿ ಬಂದಿರುವುದು ಅಸಂಭವವೇನಲ್ಲ. ಬಂದಿದ್ದರೂ ಬಂದದ್ದು ಕುಲೀನೆಯರಾಗಿ ಅಲ್ಲ, ಸರಕಾಗಿ.

ಕೊನೆಗೂ ನಮ್ಮ ನಾಡಿನ ರಾಜಮನೆತನಕ್ಕೂ ಪೋರ್ಚುಗೀಸರಿಗೂ ನಡುವೆ ಒಂದು ಮದುವೆ ನಡೆದೇ ಹೋಯಿತು. 1505ರ ರಾಯಭಾರಿ ಬಯಸಿದ ರೀತಿಯಲ್ಲಲ್ಲ. ಬಿಜಾಪುರದ ಮೊದಲ ಸುಲ್ತಾನ ಯೂಸುಫ್ ಆದಿಲ್ ಶಾಹನ ಮಗನೆಂದು ಹೇಳಿಕೊಂಡ ಅಲಿ ಎಂಬವನೊಬ್ಬನಿದ್ದ. ಪೋರ್ಚುಗೀಸರು ಅವನನ್ನು ಮೆಯಾಲೆ ಎಂದು ಕರೆದರು. ಇಬ್ರಾಹಿಂ ಆದಿಲ್ ಶಾಹನ ಮೇಲೆ ಮುನಿದ ಬೆಳಗಾವಿಯ ಅಸದ್ ಖಾನನ ಹಂಚಿಕೆಯಿಂದಾಗಿ 1540ರ ದಶಕದಲ್ಲಿ ಅವನನ್ನು ಗುಜರಾತಿನಿಂದ ಗೋವೆಗೆ ತರಲಾಯಿತು. ಇಬ್ರಾಹಿಂ ಹೆದರಿದ. ಅವನನ್ನು ದೂರವಿಡಲೆಂದು ಸಾಷ್ಟಿ, ಬಾರ್ದೇಸ್ ಸೀಮೆಗಳನ್ನೇ ಪೋರ್ಚುಗೀಸರಿಗೆ ಬಿಟ್ಟುಕೊಟ್ಟ. ಅವರು ಸೀಮೆಗಳನ್ನೂ ಇಟ್ಟುಕೊಂಡರು, ಮೆಯಾಲೆಯನ್ನೂ ಇಟ್ಟುಕೊಂಡರು. 1555ರಲ್ಲಿ ಅವನನ್ನು ಫೋಂಡಾದಲ್ಲಿ ದೊರೆಯೆಂದು ಸಾರಿ ಬಿಜಾಪುರದ ಗದ್ದುಗೆಗೆ ಏರಿಸಲು ಹೋಗಿ ಸೋತರು. ಇಬ್ರಾಹಿಮನ ಸಹಾಯಕ್ಕೆ ಆಗ ಬಂದದ್ದು ವಿಜಯನಗರದ ಅಳಿಯ ರಾಮರಾಯನ ಸೈನ್ಯ! ಮೆಯಾಲೆ ಮತ್ತೆ ಗೋವೆಯ ಪಾಲಾದ.

ಅವನಿಗೊಬ್ಬ ಮಗಳಿದ್ದಳು. 1557ರಲ್ಲಿ, ತಂದೆಗೆ ಇಷ್ಟವಿಲ್ಲದಿದ್ದರೂ, ಗವರ್ನರ್ ಫ್ರಾನ್ಸಿಸ್ಕೊ ಬರೆಟೊನ ಬೆಂಬಲದೊಡನೆ ಅವಳಿಗೆ ಕ್ರೈಸ್ತ ದೀಕ್ಷೆ ಕೊಡಲಾಯಿತು. ಮರಿಯಾ ಎಂದು ಹೆಸರಿಟ್ಟರು, ಕುಲೀನೆಯರಿಗೆ ಸಲ್ಲುವ ‘ಡೋನಾ’ ಎಂಬ ಗೌರವ ಸೇರಿತು. ಪೋರ್ಚುಗೀಸನೊಬ್ಬನ ಹೆಂಡತಿಯಾದಳು. ಜೆಸ್ಯೂಟ್ ಪಾದ್ರಿಗಳು ಇದನ್ನು ತಮ್ಮ ದೊಡ್ಡ ಗೆಲುವೆಂದು ಯೂರೋಪಿಗೆ ಕಾಗದ ಬರೆದರು. ಆ ಕಾಗದಗಳಲ್ಲಿ ಅವಳ ಭಕ್ತಿ, ಅವಳ ನಿರ್ಧಾರಗಳ ಹೊಗಳಿಕೆಯಿದೆ. ಮಗಳು ನಿಜವಾಗಿ ಆರಿಸಿಕೊಂಡಳೋ, ಪಣಕ್ಕಿಟ್ಟ ತಂದೆಯ ಬೆಲೆ ಇಳಿದ ಮೇಲೆ ಅವಳನ್ನು ಬೇರೊಂದು ಆಟಕ್ಕೆ ಬಳಸಿಕೊಂಡರೋ ಎಂಬುದನ್ನು ಅವನ್ನು ಓದುವಾಗ ಕೇಳಿಕೊಳ್ಳದೆ ಇರಲಾಗುವುದಿಲ್ಲ.

ಮೆಯಾಲೆ ಹೇಳಿಕೊಂಡದ್ದು ನಿಜವಾಗಿದ್ದರೆ, ರಾಯಚೂರಿನಲ್ಲಿ ಕೃಷ್ಣದೇವರಾಯನಿಗೆ ಸೋತ ಇಸ್ಮಾಯಿಲ್ ಈ ಡೋನಾ ಮರಿಯಾಳಿಗೆ ತಂದೆಯ ಕಡೆಯ ದೊಡ್ಡಪ್ಪನೋ ಚಿಕ್ಕಪ್ಪನೋ ಆಗಬೇಕು. ಅವಳ ದೀಕ್ಷೆಯಾದ ಎಂಟು ವರ್ಷಕ್ಕೆ, 1565ರಲ್ಲಿ, ಇಸ್ಮಾಯಿಲನ ಮೊಮ್ಮಗ ಅಲಿ ಆದಿಲ್ ಶಾಹ ಉಳಿದ ಸುಲ್ತಾನರೊಡನೆ ಸೇರಿ ರಾಮರಾಯನನ್ನು ಮುರಿದ. ರಾಯಚೂರು ಮುದಗಲ್ಲುಗಳು ಬಿಜಾಪುರಕ್ಕೆ ಮರಳಿದವು. ವಿಜಯನಗರದ ಅರಮನೆಗಳು ಬೆಂಕಿಗೆ ಆಹುತಿಯಾದವು. ಇಂದು ಹಂಪಿಯಲ್ಲಿ ಆ ಮನೆಗಳ ಕಲ್ಲಿನ ಅಡಿಪಾಯಗಳು ಮಾತ್ರ ಕಾಣುತ್ತವೆ. ಮಹಾನವಮಿ ದಿಬ್ಬದ ಪಟ್ಟಿಕೆಗಳಲ್ಲಿ ಕುದುರೆ ಹಿಡಿದು ನಿಂತ ಪರದೇಶಿಗಳನ್ನು ಗುರುತಿಸಬಹುದು. ರಾಣಿಯರಿಗಾಗಿ ಬರೆಸಿದ್ದ ಬಣ್ಣದ ಗೋಡೆ ಯಾವ ಅಡಿಪಾಯದ ಮೇಲೆ ನಿಂತಿತ್ತೆಂದು ತೋರಿಸುವವರು ಯಾರೂ ಇಲ್ಲ.